ಪರದೆ ಕಟ್ಟಿದ ಬೇಲಿ

ಬೆಳಗಿನ ಚಹಾ ಲೋಟ ಹಿಡಿದುಕೊಂಡೇ ಹಿತ್ತಲಿಗೆ ಬಂದ ಲೈನ್‌ಮ್ಯಾನ್ ಮೊದಲ ಗುಲಾಬಿ ಗಿಡದ ಮುಂದೆ ನಿಂತುಬಿಟ್ಟ. ನಿನ್ನೆ ಸಂಜೆ ಆ ಗಿಡದಲ್ಲಿ ಏಳು ಮೊಗ್ಗಿದ್ದವು. ಈಗ ಏಳು ತೊಟ್ಟುಗಳಿದ್ದವು. ಎರಡನೇ ಗಿಡದ ಹತ್ತಿರ ಹೋದ, ಮೂರನೆಯದರ ಹತ್ತಿರ ಹೋದ. ಮೂರು ವರ್ಷ ಕಸಿ ಕಟ್ಟಿ, ಹುಳ ಆರಿಸಿ, ರಜೆಯ ದಿನವೆಲ್ಲ ಮಣ್ಣಲ್ಲಿ ಕೂತು ಬೆಳೆಸಿದ ಹದಿನಾಲ್ಕು ಗಿಡಗಳಲ್ಲಿ ಅರಳುವುದಕ್ಕೆ ಒಂದೂ ಉಳಿದಿರಲಿಲ್ಲ. ಒದ್ದೆ ಮಣ್ಣಿನ ಮೇಲೆ ಗೊರಸಿನ ಗುರುತುಗಳು ಮಾತ್ರ ಅಚ್ಚುಕಟ್ಟಾಗಿ ಮೂಡಿದ್ದವು.

ಹೆಂಡತಿ ಹೊಲಿಗೆ ಕೋಣೆಯ ಕಿಟಕಿಯಿಂದಲೇ ಕೇಳಿದಳು. "ಬಂದಿದ್ವಾ?"

"ಬಂದು, ಊಟ ಮಾಡಿ, ಕೈ ತೊಳ್ಕೊಂಡು ಹೋಗಿವೆ," ಎಂದ.

ಊರಿನ ಕೊನೆಯ ಸಾಲಿನ ಮನೆ ಅದು. ಹಿತ್ತಲಿನ ಆಚೆ ಸ್ವಲ್ಪ ದೂರ ಕುರುಚಲು, ಅದರಾಚೆ ಕಾಡು. ಎರಡು ವರ್ಷದಿಂದ ಜಿಂಕೆಗಳು ಬೆಳಕು ಹರಿಯುವ ಹೊತ್ತಿಗೆ ಇಳಿದು ಬರುವ ಅಭ್ಯಾಸ ಮಾಡಿಕೊಂಡಿದ್ದವು. ಪಕ್ಕದ ಮನೆಯ ಮೇಷ್ಟ್ರ ಸೌತೆ ಬಳ್ಳಿಯನ್ನೂ ಅವು ಬಿಟ್ಟಿರಲಿಲ್ಲ. ಮೇಷ್ಟ್ರು ನಿವೃತ್ತರು, ತಾಳ್ಮೆಯ ಮನುಷ್ಯ, ಮತ್ತೆ ಮತ್ತೆ ಬಿತ್ತುತ್ತಿದ್ದರು. ಲೈನ್‌ಮ್ಯಾನ್‌ಗೆ ಆ ತಾಳ್ಮೆ ಇರಲಿಲ್ಲ. ಇಪ್ಪತ್ತೆರಡು ವರ್ಷ ಕಂಬ ಹತ್ತಿ ಮೊಣಕಾಲು ಸವೆಸಿಕೊಂಡವನು, ಮನೆಗೆ ಬಂದರೆ ಅವನಿಗೆ ಆ ಗುಲಾಬಿಗಳೇ ಎಲ್ಲ. ಆ ಬೆಳಿಗ್ಗೆ ಅವನಿಗೆ ಚಹಾ ಸೇರಲಿಲ್ಲ.

ಭಾನುವಾರ ಗಂಡ ಹೆಂಡತಿ ಇಬ್ಬರೂ ಬೇಲಿಯ ಸಾಮಾನಿನ ಅಂಗಡಿಗೆ ಹೋದರು. ಹೆಂಡತಿ ಹಿತ್ತಲಿನ ಮೂರೂ ಬದಿಯ ಅಳತೆಯನ್ನು ತನ್ನ ಹೊಲಿಗೆಯ ಟೇಪಿನಲ್ಲೇ ತೆಗೆದು ಚೀಟಿಯಲ್ಲಿ ಬರೆದುಕೊಂಡಿದ್ದಳು. ಪರದೆ ಹೊಲಿಯುವುದು ಅವಳ ಕಸುಬು, ಅಳೆಯದೆ ಅವಳು ಏನನ್ನೂ ಕೊಳ್ಳುವವಳಲ್ಲ.

"ಎಷ್ಟೆತ್ತರ ಬೇಕು?" ಅಂಗಡಿಯವ ಕೇಳಿದ.

"ಐದಡಿ ಸಾಕು."

"ಐದಡಿ ಅಂದ್ರೆ ಜಿಂಕೆಗೆ ಹೊಸ್ತಿಲು ದಾಟಿದ ಹಾಗೆ ಸರ್. ಹಾಕಿದ್ರೆ ಎಂಟಡಿ ಹಾಕಿ, ಇಲ್ಲದಿದ್ರೆ ಬೇಡ." ಅವನು ಒಂದೊಂದನ್ನೇ ತೋರಿಸುತ್ತ ಬಂದ. ಮುಳ್ಳುತಂತಿಯನ್ನು ತಾನೇ ಬೇಡವೆಂದ. "ಮೈ ಹರ್ಕೊಳ್ತಾವೆ, ಆದ್ರೂ ಹಾರ್ತಾವೆ. ರಕ್ತ ನೋಡೋಕಾಗಲ್ಲ ಅಂತ ಒಬ್ರು ವಾಪಸ್ ತಂದು ಕೊಟ್ರು." ಬಲೆಯನ್ನು ಬಿಡಿಸಿ ತೋರಿಸಿದ. "ಇದಾದ್ರೆ ಎತ್ತರದ ಕಂಬ ಬೇಕು, ಬಿಗಿಯಾಗಿ ಎಳ್ದು ಕಟ್ಬೇಕು. ಸಡಿಲ ಬಿಟ್ರೆ ಕೊಂಬು ಸಿಕ್ಕಿಸ್ಕೊಳ್ತಾವೆ." ಕೊನೆಗೆ ಕಪಾಟಿನಿಂದ ಒಂದು ಡಬ್ಬಿ ಇಳಿಸಿದ. "ಇದು ಸೋಲಾರ್ ಬೇಲಿ ಯಂತ್ರ. ತಂತಿ ಮುಟ್ಟಿದ್ರೆ ಚುರುಕ್ ಅನ್ಸುತ್ತೆ, ಬೆಚ್ಚಿ ಹಿಂದೆ ಹೋಗ್ತಾವೆ. ಸಾಯಲ್ಲ."

ಲೈನ್‌ಮ್ಯಾನ್ ನಕ್ಕುಬಿಟ್ಟ. "ಕರೆಂಟ್ ಇಲಾಖೆಯವನಿಗೇ ಡಬ್ಬಿಯಲ್ಲಿ ಕರೆಂಟ್ ಮಾರ್ತೀಯಲ್ಲಪ್ಪ."

"ಬಲೆ ತಗೊಳ್ಳೋಣ ರೀ," ಎಂದಳು ಹೆಂಡತಿ.

"ಬಲೆ ಕಟ್ಟೋಕೆ ನಾನೇನು ಮೀನು ಹಿಡಿಯೋನಾ?" ಎಂದು ಅವನು ಬರಿ ತಂತಿಯ ಎರಡು ಸುರುಳಿ ತೂಗಿಸಿಕೊಂಡ. ಹೆಂಡತಿ ಅಳತೆಯ ಚೀಟಿಯನ್ನು ಮಡಿಚಿ ಚೀಲಕ್ಕೆ ಹಾಕಿದಳು.

ಮನೆಗೆ ಬಂದು, ಅವನು ಕಂಬಗಳಿಗೆ ಮೂರು ಸಾಲು ತಂತಿ ಎಳೆದು ಮುಗಿಸಿದ ಮೇಲೆ ಹೆಂಡತಿ ಕೇಳಿದಳು. "ಇದಕ್ಕೆ ಮನೆ ಕರೆಂಟ್ ಕೊಡ್ತೀರಾ?"

"ನಡುವೆ ಒಂದು ಬಲ್ಬ್ ಹಾಕ್ತೀನಿ. ಏನಾದ್ರೂ ತಗುಲಿದ್ರೆ ಬಲ್ಬ್ ಹತ್ಕೊಳ್ಳುತ್ತೆ, ಜೋರೆಲ್ಲ ಅದೇ ತಿಂದುಬಿಡುತ್ತೆ. ಜಿಂಕೆಗೆ ಸಣ್ಣದೊಂದು ಪೆಟ್ಟು, ಅಷ್ಟೇ."

"ಆ ಪಂಪ್ ಶೆಡ್ ಹತ್ರ ಒಬ್ಬನ್ನ ತಂತಿಯಿಂದ ಬಿಡಿಸಿ ಬಂದ್ರಲ್ಲ, ಎರಡು ದಿನ ನೀವು ಅನ್ನ ಮುಟ್ಟಿರ್ಲಿಲ್ಲ. ಅವನೂ ಹಂದಿಗೆ ಅಂತ್ಲೇ ಹಾಕಿದ್ದು."

"ಅವನಿಗೆ ಕೆಲ್ಸ ಗೊತ್ತಿರ್ಲಿಲ್ಲ ಕಣೆ. ನನ್ನ ಕೈಯಲ್ಲಿ ಇಷ್ಟು ವರ್ಷದಲ್ಲಿ ಯಾರಿಗಾದ್ರೂ ಏನಾದ್ರೂ ಆಗಿದೆಯಾ?"

"ಬಲ್ಬ್ ಹತ್ಕೊಳ್ಳೋಷ್ಟು ಕರೆಂಟ್ ಮೈಯಲ್ಲಿ ಹರಿದ್ರೆ ಮನುಷ್ಯ ಉಳೀತಾನಾ?"

"ನೀನು ಪರದೆ ಹೊಲಿ, ಕರೆಂಟ್ ನನಗೆ ಬಿಡು," ಎಂದ. ಕೆಲಸ ಚೆನ್ನಾಗಿ ಬಲ್ಲವರು ಕೆಲವೊಮ್ಮೆ ಹೀಗೆಯೇ. ಕಂಡವರ ಮನೆಯ ತಪ್ಪು ಅವರಿಗೆ ದೂರದಿಂದಲೇ ಕಾಣುತ್ತದೆ, ತಮ್ಮ ಮನೆಯದು ಮೂಗಿನ ಕೆಳಗಿದ್ದರೂ ಕಾಣುವುದಿಲ್ಲ. ಹೆಂಡತಿ ಮತ್ತೆ ವಾದಕ್ಕೆ ಇಳಿಯಲಿಲ್ಲ.

ಆದರೂ ಅವನು ಅಜಾಗರೂಕನಲ್ಲ, ಅಷ್ಟು ಹೇಳಲೇಬೇಕು. ಶೆಡ್ಡಿನಲ್ಲಿ ಬೇಲಿಗೆಂದೇ ಬೇರೆ ಸ್ವಿಚ್ಚು, ಅದರ ಮೇಲೆ ಕೆಂಪು ದೀಪ, ಕೆಳಗೆ ಫ್ಯೂಸು, ಪಕ್ಕದಲ್ಲಿ ಬಲ್ಬು ಕೂರಿಸಿದ. ಮೊದಲ ಸಂಜೆ ಟೆಸ್ಟರ್ ಹಿಡಿದು ತಂತಿಯಲ್ಲಿ ಕರೆಂಟ್ ಇದೆಯೆಂದು ನೋಡಿಕೊಂಡ. ಸಂಜೆ ಆರೂವರೆಗೆ ಹಾಕುವುದು, ಬೆಳಿಗ್ಗೆ ಏಳಕ್ಕೆ ಆರಿಸುವುದು ಎಂದು ನಿಯಮ ಮಾಡಿದ. ಹಾಕುವ ಮುನ್ನ, ಕೆಲಸದ ಜಾಗದಲ್ಲಿ ಮಾಡುವಂತೆಯೇ, ಗಟ್ಟಿಯಾಗಿ ಕೂಗುವನು. "ಲೈನ್ ಬಿಡ್ತಾ ಇದ್ದೀನಿ." ಹೊಲಿಗೆ ಕೋಣೆಯಿಂದ ಹೆಂಡತಿ "ಹೂಂ" ಅನ್ನಬೇಕು, ಅಡುಗೆಮನೆಯಿಂದ ಅಮ್ಮ "ಹೂಂ" ಅನ್ನಬೇಕು. ಎರಡು ಹೂಂ ಕೇಳದೆ ಅವನ ಬೆರಳು ಸ್ವಿಚ್ಚಿನ ಮೇಲೆ ಹೋಗುತ್ತಿರಲಿಲ್ಲ.

"ರೈಲು ಬಿಡೋನ ಹಾಗೆ ಆಡ್ತಾನೆ ನನ್ನ ಮಗ," ಎಂದು ಅಮ್ಮ ಸೊಸೆಯ ಹತ್ತಿರ ನಗುತ್ತಿದ್ದಳು.

ಮೂರನೆಯ ದಿನ ಹೆಂಡತಿ ಒಂದು ಕೆಲಸಕ್ಕೆ ಕೈಹಾಕಿದಳು. ಯಾವುದೋ ದೊಡ್ಡ ಹಾಲ್‌ಗೆ ಹೊಲಿದ ಪರದೆಗಳಲ್ಲಿ ಉಳಿದ ದಪ್ಪನೆಯ ಹಸಿರು ಬಟ್ಟೆ ಅವಳ ಕೋಣೆಯಲ್ಲಿ ರಾಶಿ ಬಿದ್ದಿತ್ತು. ಅದನ್ನು ಉದ್ದಕ್ಕೆ ಜೋಡಿಸಿ ಹೊಲಿದಳು. ಬೇಲಿಯಾಚೆ ನಾಲ್ಕಡಿ ದೂರದಲ್ಲಿ ಹಳೆಯ ಪೈಪುಗಳನ್ನು ನೆಟ್ಟು, ಹಗ್ಗ ಎಳೆದು, ಮೂರೂ ಬದಿಗೆ ಆಳೆತ್ತರ ಪರದೆ ಇಳಿಬಿಟ್ಟಳು.

"ಇದೇನೇ ಇದು?" ಸಂಜೆ ಬಂದ ಗಂಡ ಕೇಳಿದ.

"ಗಾಳಿಗೆ ಮರೆ. ಗಿಡ ಈಗ ಚಿಗುರ್ತಾ ಇವೆ."

"ಗುಲಾಬಿಗೆ ಬಾಗಿಲು ಕಿಟಕಿ ಬೇರೆ ಇಡ್ತೀಯಾ?" ಎಂದು ತಮಾಷೆ ಮಾಡಿದ. ಹಸಿರು ಬಣ್ಣ ಕಣ್ಣಿಗೆ ಹಿತವಾಗಿದ್ದರಿಂದ ಬೇಡವೆನ್ನಲಿಲ್ಲ.

ಜಿಂಕೆಗಳು ಬರಲಿಲ್ಲ. ಒಂದು ವಾರ ಕಳೆಯಿತು, ಬರಲಿಲ್ಲ. ಗುಲಾಬಿ ಮತ್ತೆ ಚಿಗುರಿತು. ಶೆಡ್ಡಿನ ಬಲ್ಬು ಒಂದು ಸಲವೂ ಹತ್ತಿಕೊಂಡದ್ದು ಅವನು ಕಾಣಲಿಲ್ಲ. ವಾಸನೆಯಿಂದಲೇ ಅವಕ್ಕೆ ಕರೆಂಟಿನ ಭಯ ತಿಳಿದಿರಬೇಕು ಎಂದು ತನಗೆ ತಾನೇ ಬೆನ್ನು ತಟ್ಟಿಕೊಂಡ. ಕಚೇರಿಯಲ್ಲಿ ಬೆಳಿಗ್ಗೆ ಗ್ಯಾಂಗಿನವರೆಲ್ಲ ಚಹಾಕ್ಕೆ ಕೂತಾಗ ಅವನ ಬೇಲಿಯದೇ ಮಾತು. ಒಂದು ರಟ್ಟಿನ ಹಿಂಬದಿ ನಕ್ಷೆ ಬರೆದು ತೋರಿಸಿದ. ದಪ್ಪಣ್ಣ ಎಂದು ಎಲ್ಲರೂ ಕರೆಯುವ ಅವನ ಜೊತೆಗಾರ ಅದನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡ.

ಮೇಷ್ಟ್ರೂ ಬಂದರು. "ನನಗೂ ಒಂದು ಮಾಡಿಕೊಡಪ್ಪ. ರಜೆಗೆ ಮೊಮ್ಮಕ್ಕಳು ಬರ್ತಾರೆ, ಅಷ್ಟರಲ್ಲಿ ನಾಲ್ಕು ಸೌತೆಕಾಯಾದ್ರೂ ಉಳಿದಿರ್ಲಿ ಅಂತ." ಲೈನ್‌ಮ್ಯಾನ್ ಶನಿವಾರ ಮಧ್ಯಾಹ್ನವೆಲ್ಲ ಅಲ್ಲಿದ್ದು ತಂತಿ ಎಳೆದ, ಸ್ವಿಚ್ಚು ಕೂರಿಸಿದ, ಭಾನುವಾರ ಸಂಜೆಯಿಂದ ಶುರು ಮಾಡಿ ಎಂದು ಹೇಳಿ ಬಂದ. ವಿಷಯ ಕೇಳಿದ ಹೆಂಡತಿ ಆ ದಿನ ಊಟಕ್ಕೆ ಕೂತು ಎದ್ದುಬಿಟ್ಟಳು. ಭಾನುವಾರ ಬೆಳಿಗ್ಗೆಯಿಂದ ಏನನ್ನೋ ಹೇಳಲು ಬಂದು ಬಂದು ಹಿಂದೆ ಹೋಗುತ್ತಿದ್ದಳು.

ಭಾನುವಾರ ಸಂಜೆ ಗಾಳಿ ಎದ್ದಿತ್ತು. ಲೈನ್‌ಮ್ಯಾನ್ ಶೆಡ್ಡಿಗೆ ಹೋದಾಗ ಇನ್ನೂ ಆರೂಕಾಲು. ಮಳೆ ಬರುವ ಹಾಗಿದೆ, ಇವತ್ತು ಬೇಗ ಹಾಕೋಣ ಎಂದುಕೊಂಡ. ಕೂಗುವುದಕ್ಕೆ ಬಾಯಿ ತೆಗೆಯುವಷ್ಟರಲ್ಲಿ ಫೋನು ಬಂತು. ಮೇಷ್ಟ್ರು.

"ಆರೂವರೆಗೇ ಹಾಕೋದು ಅಲ್ವೇನಪ್ಪ?"

"ಆರೂವರೆಗೇ ಮೇಷ್ಟ್ರೇ. ಕೆಂಪು ದೀಪ ಬಂದ್ರೆ ಸರಿಯಾಗಿದೆ ಅಂತ ಅರ್ಥ." ಹೇಳುತ್ತ ಹೇಳುತ್ತ ತನ್ನ ಸ್ವಿಚ್ಚನ್ನೂ ಒತ್ತಿದ. ಕೆಂಪು ದೀಪ ಬಂತು. ಫೋನು ಜೇಬಿಗೆ ಹಾಕಿ ಹೊರಗೆ ಬಂದ.

ಗುಲಾಬಿ ಸಾಲಿನ ಕೊನೆಯಲ್ಲಿ ಅಮ್ಮ ನಿಂತಿದ್ದಳು. ಗಾಳಿಗೆ ಹಾರಿದ ಪರದೆಯ ತುದಿ ಬೇಲಿಗೆ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಲು ಅಮ್ಮ ಮೇಲಿನ ತಂತಿಯನ್ನು ಎರಡೂ ಕೈಯಲ್ಲಿ ಹಿಡಿದು ಕೆಳಕ್ಕೆ ಒತ್ತುತ್ತಿದ್ದಳು. ಬರಿಗಾಲು, ಒದ್ದೆ ಮಣ್ಣು.

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವನು ಕೂಗದೆ ಲೈನ್ ಬಿಟ್ಟಿದ್ದ. ತಿರುಗಿ ಒಳಗೆ ನುಗ್ಗಿ ಸ್ವಿಚ್ಚಿಗೆ ಹೊಡೆದ, ಮತ್ತೆ ಹೊರಗೆ ಓಡಿದ. ಪಂಪ್ ಶೆಡ್ಡಿನ ಹತ್ತಿರ ಬಿಡಿಸಿದ ಆ ಮನುಷ್ಯನ ಬೆರಳುಗಳು ಕಣ್ಣ ಮುಂದೆ ಬಂದವು. ಅವನ್ನು ಒಂದೊಂದಾಗಿ ಬಿಡಿಸಿದವನು ಇವನೇ.

ಅಮ್ಮ ಪರದೆಯನ್ನು ಬಿಡಿಸಿ, ಕೈ ಕೊಡವಿ, ಇವನ ಕಡೆ ತಿರುಗಿದಳು. "ಏನೋ, ಯಾಕೋ ಹಾಗೆ ಓಡಿ ಬಂದೆ? ಕಾಲು ನೋವು ಅಂತೀಯ, ನೆಟ್ಟಗೆ ನಡೆಯೋಕಾಗಲ್ವಾ?"

ಅವನು ಅಮ್ಮನ ಎರಡೂ ಅಂಗೈ ತಿರುಗಿಸಿ ನೋಡಿದ. ಮಣ್ಣಿತ್ತು, ತಂತಿ ಒತ್ತಿದ ಗೆರೆ ಇತ್ತು, ಇನ್ನೇನೂ ಇರಲಿಲ್ಲ. ಅಲ್ಲೇ ಮಣ್ಣಿನ ಮೇಲೆ ಕೂತ. ಹೋದ ಜೀವ ತಿರುಗಿ ಬಂದಿತ್ತು, ಅದು ಹೇಗೆ ಬಂತೆಂದು ಮಾತ್ರ ಗೊತ್ತಾಗಲಿಲ್ಲ.

ಹೆಂಡತಿ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಗುಂಡಿಗಳನ್ನು ಹಾಕಿಡುವ ಡಬ್ಬಿ. ಹತ್ತಿರ ಬಂದು ಮುಚ್ಚಳ ತೆಗೆದು ಅವನ ಮುಂದೆ ಹಿಡಿದಳು. ಗುಂಡಿಗಳ ಮೇಲೆ ಒಂದು ಚೂರು ಫ್ಯೂಸಿನ ತಂತಿ ಸುರುಳಿಯಾಗಿ ಬಿದ್ದಿತ್ತು.

"ಯಾವತ್ತಿಂದ?" ಅವನು ಕೇಳಿದ.

"ನೀವು ಟೆಸ್ಟರ್ ಹಿಡಿದು ನೋಡಿದ ಮಾರನೇ ದಿನದಿಂದ."

"ಕೆಂಪು ದೀಪ ಹತ್ತುತ್ತಲ್ಲ."

"ಅದನ್ನ ಫ್ಯೂಸಿಗಿಂತ ಮೊದ್ಲೇ ಕೂರಿಸಿದ್ದೀರಲ್ಲ. ಫ್ಯೂಸ್ ಖಾಲಿ ಇದ್ರೂ ಅದು ಹತ್ತುತ್ತೆ. ನನ್ನ ಮಷೀನಿನ ಫ್ಯೂಸ್ ನಾನೇ ಕಟ್ಕೋತೀನಿ, ಅಷ್ಟೂ ಗೊತ್ತಾಗಲ್ವಾ ನನಗೆ?" ಅವಳು ಡಬ್ಬಿಯ ಮುಚ್ಚಳ ಹಾಕಿದಳು. "ಬೈದ್ರೆ ಬೈಯಿರಿ. ಹೇಳಿದ್ರೆ ಮತ್ತೆ ಹಾಕ್ತಿದ್ರಿ, ಅದಕ್ಕೇ ಹೇಳ್ಲಿಲ್ಲ."

ಅವನು ಬೈಯಲಿಲ್ಲ. ಡಬ್ಬಿ ಹಿಡಿದ ಆ ಕೈಯನ್ನು ಹಿಡಿದುಕೊಂಡ. ಆಮೇಲೆ ಕೇಳಿದ. "ಹಾಗಾದ್ರೆ ಜಿಂಕೆ ಯಾಕೆ ಬರ್ಲಿಲ್ಲ?"

"ಬಂದಿದ್ವು. ದಿನಾ ಬರ್ತಾವೆ. ನೀವು ಏಳೋಕೆ ಮುಂಚೆ ನಾನು ಮಷೀನ್ ಮುಂದೆ ಕೂತಿರ್ತೀನಲ್ಲ, ಕಿಟಕಿಯಿಂದ ನೋಡ್ತೀನಿ. ಮೇಷ್ಟ್ರ ಮನೇಲಿ ಹೊದಿಕೆ ಒಣಗಿಸಿದ ಕಡೆ ಅವು ಯಾವತ್ತೂ ಹಾರಿಲ್ಲ. ಆಚೆ ಏನಿದೆ ಅಂತ ಕಾಣದಿದ್ರೆ ಹಾರೋಕೆ ಹೆದರ್ತಾವೆ. ಪರದೆ ಹತ್ರ ಬಂದು ಮೂಸಿ ನೋಡಿ ಹೋಗ್ತಾವೆ."

ಲೈನ್‌ಮ್ಯಾನ್‌ಗೆ ನಗು ಬಂತು, ಅದರ ಜೊತೆ ಕಣ್ಣಲ್ಲಿ ನೀರೂ ಬಂತು. ಆದರೆ ಮೇಷ್ಟ್ರು ಎಂಬ ಮಾತು ಕಿವಿಗೆ ಬಿದ್ದ ಮರುಕ್ಷಣ ನಗು ನಿಂತಿತು. ಆ ಮನೆಯ ಫ್ಯೂಸಿನಲ್ಲಿ ತಂತಿ ಇತ್ತು. ಅವನೇ ಕಟ್ಟಿ ಬಂದಿದ್ದ.

ಫೋನು ಮಾಡಿದ. ರಿಂಗಾಯಿತು, ಯಾರೂ ಎತ್ತಲಿಲ್ಲ. ಗಂಟೆ ಆರು ಇಪ್ಪತ್ತೈದು. ಮುಂದಿನ ಬಾಗಿಲಿನಿಂದ ಸುತ್ತಿ ಹೋಗುವಷ್ಟು ಹೊತ್ತಿರಲಿಲ್ಲ. ತಂತಿ ಸರಿಸಿ ನುಸುಳಿ, ಪರದೆ ಎತ್ತಿ, ಮೊಣಕಾಲಿನ ನೋವು ಮರೆತು ಓಡಿದ.

ಮೇಷ್ಟ್ರ ಹಿತ್ತಲಿನಲ್ಲಿ ಮೊದಲು ಕಂಡದ್ದು ನಿನ್ನೆ ಬಂದ ಮೊಮ್ಮಗಳು. ಎಲ್ಲೋ ನೀರಾಡಿ ಬಂದು, ತನ್ನ ಒದ್ದೆ ಸಾಕ್ಸುಗಳನ್ನು ಬೇಲಿಯ ತಂತಿಗೆ ಒಣಗಲು ಹಾಕುತ್ತಿದ್ದಳು. ಅವಳನ್ನು ಸೊಂಟಕ್ಕೆ ಕೈಹಾಕಿ ಎತ್ತಿಕೊಂಡೇ ಅವನು ಜಗುಲಿಗೆ ನುಗ್ಗಿದ.

ಮೇಷ್ಟ್ರು ಸ್ವಿಚ್ಚಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ತೊಡೆಯ ಮೇಲೆ ಕೈಗಡಿಯಾರ. ಫೋನು ಒಳಗೆಲ್ಲೋ ಇತ್ತು. "ಬಾರಪ್ಪ, ಒಳ್ಳೇ ಹೊತ್ತಿಗೆ ಬಂದೆ. ಇನ್ನೂ ಎರಡು ನಿಮಿಷ ಇದೆ," ಎಂದರು. ನಲವತ್ತು ವರ್ಷ ಗಂಟೆ ನೋಡಿ ತರಗತಿಗೆ ಹೋದವರು, ಒಂದು ನಿಮಿಷ ಹಿಂದೆ ಇಲ್ಲ, ಮುಂದೆ ಇಲ್ಲ. ಆ ಅಭ್ಯಾಸಕ್ಕೆ ಊರಲ್ಲಿ ನಗದವರಿರಲಿಲ್ಲ, ಲೈನ್‌ಮ್ಯಾನ್ ಕೂಡ ಎಷ್ಟೋ ಸಲ ನಕ್ಕಿದ್ದ.

ಅವನು ಹುಡುಗಿಯನ್ನು ಇಳಿಸಿ, ಫ್ಯೂಸನ್ನು ಇಡಿಯಾಗಿ ಕಿತ್ತು ಜೇಬಿಗೆ ಹಾಕಿಕೊಂಡ. ಆಮೇಲೆ ಉಸಿರು ಬಿಟ್ಟ. "ಮೇಷ್ಟ್ರೇ, ಇದು ಬೇಡ. ನಾನು ಹಾಕಿಕೊಡಬಾರದಾಗಿತ್ತು. ಬಲ್ಬ್ ಇದ್ರೂ ಮುಟ್ಟಿದೋರು ಉಳಿಯಲ್ಲ. ಕಾನೂನಿಗೂ ವಿರುದ್ಧ. ನನಗೆ ಗೊತ್ತಿತ್ತು. ಗೊತ್ತಿದ್ದೂ ನನಗೇನೂ ಆಗಲ್ಲ ಅಂದ್ಕೊಂಡೆ."

ಮೇಷ್ಟ್ರು ತಂತಿಯ ಮೇಲಿದ್ದ ಪುಟ್ಟ ಸಾಕ್ಸುಗಳನ್ನು ನೋಡಿದರು. "ನಿನ್ನ ಮಾತು ಅಂತ ಒಪ್ಪಿಕೊಂಡೆ ಕಣಪ್ಪ," ಎಂದರು. "ಬೇರೆ ಯಾರಾದ್ರೂ ಹೇಳಿದ್ರೆ ನಾಲ್ಕು ಸಲ ಕೇಳ್ತಿದ್ದೆ. ಕರೆಂಟ್ ವಿಷಯ ನಿನಗಿಂತ ಬಲ್ಲೋರು ಯಾರು ಅಂದ್ಕೊಂಡೆ."

ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಕತ್ತಲಾಗುವ ಮುಂಚೆಯೇ ಎರಡೂ ಹಿತ್ತಲಿನ ತಂತಿಯನ್ನು ಕತ್ತರಿಸಿ ಸುತ್ತಿಟ್ಟ. ಹೆಂಡತಿ ಟೇಪು ಹಿಡಿದು ಮೇಷ್ಟ್ರ ಬೇಲಿ ಅಳೆದಳು, ಟೇಪಿನ ಇನ್ನೊಂದು ತುದಿಯನ್ನು ಮೊಮ್ಮಗಳು ಬಲು ಗಂಭೀರವಾಗಿ ಹಿಡಿದಿದ್ದಳು. ತನ್ನ ಹತ್ತಿರ ಇನ್ನೂ ಎರಡು ಬದಿಗಾಗುವಷ್ಟು ಬಟ್ಟೆ ಇದೆ, ಮೂರನೆಯ ಬದಿಗೆ ಬಲೆ ತಂದರಾಯಿತು ಎಂದಳು ಹೆಂಡತಿ.

ಮಾರನೆಯ ದಿನ ಕಚೇರಿಯ ಹೊರಗಿನ ಬೆಂಚಿನಲ್ಲಿ ಎಂದಿನಂತೆ ಬೆಳಗಿನ ಚಹಾ. ಏಳೂವರೆ ಗಂಟೆ. ಏಣಿ, ಹಗ್ಗಗಳನ್ನು ಗಾಡಿಗೆ ಏರಿಸಿಯಾಗಿತ್ತು. ಯಾರೋ ರೂಢಿಯಂತೆ ಕೇಳಿದರು. "ಹೇಗಿದೆಯಪ್ಪ ಕರೆಂಟ್ ಬೇಲಿ?"

ಚೆನ್ನಾಗಿದೆ ಎಂದು ಹೇಳಿ ಸುಮ್ಮನಾಗಬಹುದಿತ್ತು. ಪರದೆಯ ಬೇಲಿ ಚೆನ್ನಾಗಿಯೇ ಇತ್ತು, ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ. ಲೈನ್‌ಮ್ಯಾನ್ ಲೋಟ ಕೆಳಗಿಟ್ಟ.

"ಹನ್ನೆರಡು ದಿನದಿಂದ ಅದರಲ್ಲಿ ಕರೆಂಟೇ ಇರ್ಲಿಲ್ಲ," ಎಂದ. "ನನ್ನ ಹೆಂಡತಿ ಫ್ಯೂಸ್ ಕಿತ್ತು ಗುಂಡಿ ಡಬ್ಬಿಗೆ ಹಾಕಿದ್ಲು. ನಾನು ದಿನಾ ಸಂಜೆ ಲೈನ್ ಬಿಡ್ತೀನಿ ಅಂತ ಕೂಗೋದು, ಅವಳು ಒಳಗಿಂದ ಹೂಂ ಅನ್ನೋದು."

ಬೆಂಚಿಗೆ ಬೆಂಚೇ ನಕ್ಕಿತು. ಫ್ಯೂಸ್ ಖಾಲಿ ಇದ್ದದ್ದು ಗೊತ್ತಾಗದ ಲೈನ್‌ಮ್ಯಾನ್ ಎಂದು ಒಬ್ಬ, ಅಕ್ಕನಿಗೆ ಇಲಾಖೆಯಲ್ಲಿ ಕೆಲಸ ಕೊಡಿಸೋಣ ಎಂದು ಇನ್ನೊಬ್ಬ. ಅವರು ನಕ್ಕು ಮುಗಿಸುವವರೆಗೂ ಅವನು ಕಾದ. ಆಮೇಲೆ ಅಮ್ಮನ ಕೈ, ತಂತಿ, ಒದ್ದೆ ಸಾಕ್ಸು ಎಲ್ಲ ಹೇಳಿದ. ಯಾರೂ ನಗಲಿಲ್ಲ.

"ನಾನು ಬರೆದ ನಕ್ಷೆ ಯಾರ ಹತ್ರ ಇದ್ರೂ ಹರಿದುಹಾಕಿ," ಎಂದ. "ಫೋಟೋ ಇದ್ರೆ ಅಳಿಸಿ. ಯಾರಾದ್ರೂ ಹಾಕಿದ್ದೀರಾ?"

ದಪ್ಪಣ್ಣ ಆಗಲೇ ಎದ್ದು ನಿಂತಿದ್ದ. "ಮೊನ್ನೆ ಹಾಕಿದೆ ಅಣ್ಣ," ಎಂದ. "ನಮ್ಮ ಮನೇಲಿ ಆರಿಸೋದು ಎಂಟು ಗಂಟೆಗೆ."

ಅವನ ದಪ್ಪ ಬೆರಳುಗಳು ಫೋನಿನ ಮೇಲೆ ಎರಡು ಸಲ ತಪ್ಪಿದವು. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅತ್ತ ಕಡೆ ಫೋನು ಎತ್ತಿದಂತಾಯಿತು.

"ನಾನು ಕಣೆ. ಬೇಲಿ ಸ್ವಿಚ್ ಆರಿಸು. ಈಗ್ಲೇ. ಆಮೇಲೆ ಹೇಳ್ತೀನಿ, ಮೊದ್ಲು ಆರಿಸು. ಆರಿಸಿದ್ಯಾ? ಫ್ಯೂಸೂ ಕಿತ್ತುಬಿಡು. ಹೂಂ, ಬಿಳೀದು." ಅವನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ. "ಮಕ್ಕಳೆಲ್ಲಿ?"

ಗಾಡಿಯ ಚಾಲಕ ಇಂಜಿನ್ ಆರಿಸಿದ. ದಪ್ಪಣ್ಣ ಫೋನನ್ನು ಕಿವಿಗೆ ಒತ್ತಿಕೊಂಡು ಕೇಳುತ್ತ, ನಿಧಾನವಾಗಿ ಬೆಂಚಿನ ಮೇಲೆ ಕೂತ. ಕೂತು, ತೋಳಿನಿಂದ ಮುಖ ಒರೆಸಿಕೊಂಡ.

"ಜಡೆ ಹಾಕಿಸ್ಕೊಳ್ತಾ ಇದ್ದಾರಂತೆ," ಎಂದ. "ಇಬ್ರೂ ಅಲ್ಲೇ ಅವಳ ಮುಂದೇನೇ ಕೂತಿದ್ದಾರಂತೆ."

ಲೈನ್‌ಮ್ಯಾನ್ ತನ್ನ ಲೋಟದ ಚಹಾವನ್ನು ಅವನಿಗೆ ಕೊಟ್ಟ. ಅದು ಆರಿಹೋಗಿತ್ತು, ದಪ್ಪಣ್ಣ ಒಂದೇ ಗುಟುಕಿಗೆ ಕುಡಿದ. ಆಮೇಲೆ ಮೊಬೈಲಿನಲ್ಲಿ ಆ ಫೋಟೋ ಹುಡುಕಿ, ಅಳಿಸಿ, ಅಳಿಸಿದ್ದನ್ನು ಅವನಿಗೆ ತೋರಿಸಿದ.

"ಅಣ್ಣ, ಆ ಪರದೆ ಎಷ್ಟೆತ್ತರ ಇರ್ಬೇಕು?"

"ಸಂಜೆ ಮನೆಗೆ ಬಾ," ಎಂದ ಲೈನ್‌ಮ್ಯಾನ್. "ಅವಳನ್ನೇ ಕೇಳೋಣ."